ಕತ್ತಾಳೆ ನಾರಿನ ಬ್ರಷ್ಷು

ಚಾಮರಾಜಪೇಟೆ, ಬೆಂಗಳೂರು
೯-೧-೧೯೪೯

ಪ್ರಿಯ ನಾರಾಯಣ,

ಮೂರು ವರ್ಷದಲ್ಲಿ ನಿನ್ನ ಕಾರ್ಖಾನೆಯ ವಿಳಾಸಕ್ಕೆ ಎರಡು ಕಾಗದ ಬರೆದೆ. ಎರಡಕ್ಕೂ ಉತ್ತರವಿಲ್ಲ. ಆದ್ದರಿಂದ ಈ ಸಲ ಸ್ನೇಹದ ವಿಷಯ ಬಿಟ್ಟು ಕಬ್ಬಿಣದ ವಿಷಯ ಬರೆಯುತ್ತಿದ್ದೇನೆ. ಫಿಟ್ಟರ್ ಆದವನು ಗೆಳೆಯನನ್ನು ಮರೆತಾನು, ಗೇರು ಚಕ್ರವನ್ನು ಮರೆಯಲಾರ ಎಂದು ನನ್ನ ನಂಬಿಕೆ.

ಮೊನ್ನೆ ಗಾಂಧಿ ಬಜಾರಿನಲ್ಲಿ ಅವರೇಕಾಯಿ ಆರಿಸುತ್ತಿದ್ದಾಗ ಮಾವಳ್ಳಿಯ ನಿನ್ನ ಅಕ್ಕ ಅಕ್ಕಯಮ್ಮ ಸಿಕ್ಕಿ, ಭದ್ರಾವತಿಯಲ್ಲಿ ನಿನಗೆ ಕ್ವಾರ್ಟರ್ಸು ಸಿಕ್ಕಿದೆ ಎಂದು ಈ ವಿಳಾಸ ಕೊಟ್ಟರು. "ಅವನಿಗೇನು ಬಂದಿದೆಯೋ ಕಾಣೆ ಮೇಷ್ಟ್ರೆ, ನಿಮ್ಮ ಹೆಸರೆತ್ತಿದ್ರೆ ಎದ್ದು ಹೋಗ್ತಾನೆ" ಎಂದರು. ಅವರೇಕಾಯಿ ಸೊಗಡು ಚೆನ್ನಾಗಿತ್ತು. ಈ ಮಾತು ಅಷ್ಟು ಚೆನ್ನಾಗಿರಲಿಲ್ಲ.

ಇರಲಿ, ಯಂತ್ರಕ್ಕೆ ಬರುತ್ತೇನೆ. ೧೯೪೬ರ ಫೆಬ್ರವರಿಯಲ್ಲಿ ನೀನು ಜಾಲಹಳ್ಳಿಯ ಯುದ್ಧಕೈದಿಗಳ ಕ್ಯಾಂಪಿನ ಕೆಲಸ ಮುಗಿಸಿದಾಗ, ಗೋಣಿತಾಟಿನಲ್ಲಿ ಸುತ್ತಿ ತಂದು ಅಮ್ಮನಿಗೆ ಕೊಟ್ಟೆಯಲ್ಲ, ಅದೇ. ಇಟಲಿಯ ಕೈದಿ ಬ್ರೂನೊ ಅಲ್ಲಿನ ವರ್ಕ್‌ಶಾಪಿನಲ್ಲಿ ತನ್ನ ಕೈಯಾರೆ ಮಾಡಿಕೊಂಡಿದ್ದನೆಂದೂ, ಊರಿಗೆ ಹೊರಟಾಗ ನಿನಗೆ ಬಿಟ್ಟುಹೋದನೆಂದೂ ಹೇಳಿದ್ದೆ. ಕೆಳಗೆ ಹಿಟ್ಟನ್ನು ಹಾಳೆ ಮಾಡುವ ಎರಡು ಉರುಳೆ. ಮೇಲೆ ಸಿಕ್ಕಿಸುವ ಹಲ್ಲು ಹಲ್ಲಿನ ತುಂಡು ಹಾಳೆಯನ್ನು ಎಳೆ ಎಳೆಯಾಗಿ ಕತ್ತರಿಸಿ ಶಾವಿಗೆ ಮಾಡುತ್ತದೆ. ಅದನ್ನು ನೀನು 'ಅಟ್ಯಾಚ್‌ಮೆಂಟು' ಅಂದಿದ್ದೆ.

ಅಮ್ಮ ಅದರಲ್ಲಿ ಶಾವಿಗೆ ಮಾಡಿದ್ದು ಒಂದೇ ದಿನ. ಮಾರನೆಯ ದಿನದಿಂದ,

ತಿರುವಿದರೆ ತಿರುಗದು, ಗುದ್ದಿದರೆ ಕದಲದು,
ಅಮ್ಮನ ಬಾಯಿಗೂ ಅದು ಹೆದರದು.

ಅಂದಿನಿಂದ ಅಟ್ಟದ ಮೇಲಿದೆ. ಈಗ ಇಳಿಸಬೇಕಾಗಿ ಬಂದಿದೆ. ನನ್ನ ಮಗಳು ಸರ್ವಮಂಗಳಾಳ ಮದುವೆ ಮೇ ಹನ್ನೆರಡಕ್ಕೆ ಗೊತ್ತಾಗಿದೆ. ನಮ್ಮ ಮನೆಯ ಮದುವೆಯಲ್ಲಿ ಬೀಗರಿಗೆ ಬಡಿಸುವ ಪಾಯಸಕ್ಕೆ ಶಾವಿಗೆ ಅಂಗಡಿಯದಾಗಬಾರದು. ಮನೆಯ ಹಿರಿಯ ಹೆಂಗಸೇ ಮಣೆಯ ಮೇಲೆ ಹೊಸೆದದ್ದಾಗಬೇಕು. ಹಿರಿಯ ಹೆಂಗಸಿನ ಬೆರಳು ಈಗ ಮಡಚುವುದಿಲ್ಲ. ಅಮ್ಮ ಅದನ್ನು ಒಪ್ಪುವುದೂ ಇಲ್ಲ. ಮೊನ್ನೆ ಮಣೆಯ ಮುಂದೆ ಕೂತು ಅರ್ಧ ಗಂಟೆಯಲ್ಲಿ ನಾಲ್ಕು ಎಳೆ ಹೊಸೆದು, "ಹಿಟ್ಟು ಸರಿಯಿಲ್ಲ" ಎಂದು ಎದ್ದರು.

ಆ ಯಂತ್ರಕ್ಕೆ ಏನು ಮಾಡಬೇಕು ಹೇಳು. ಅದರ ಬಗ್ಗೆ ಮಾತ್ರ ಹೇಳಿದರೂ ಸಾಕು.

ನಿನ್ನ,
ಚಂದ್ರಶೇಖರ

●

ಭದ್ರಾವತಿ
೨೦-೧-೧೯೪೯

ಶ್ರೀ ಚಂದ್ರಶೇಖರಯ್ಯನವರಿಗೆ,

ಕಾಗದ ತಲುಪಿತು. ಉರುಳೆ ಮಾತ್ರ ತಿರುಗುತ್ತದೋ, ಅದೂ ಇಲ್ಲವೋ? ಅಟ್ಯಾಚ್‌ಮೆಂಟನ್ನು ಬೇರೆ ಮಾಡಿ ನೋಡಿ. ಬಲ ಹಾಕಬೇಡಿ. ಯಾವುದರಿಂದ ತೊಳೆದರು, ತಿಳಿಸಿ. ಅದಕ್ಕೆ ನೀರು ಸೋಕಿಸಬಾರದು.

ಮಗುವಿನ ಮದುವೆ ಗೊತ್ತಾದದ್ದು ಸಂತೋಷ.

ಇತಿ,
ನಾರಾಯಣಪ್ಪ

●

ಚಾಮರಾಜಪೇಟೆ
೩೦-೧-೧೯೪೯

ಪ್ರಿಯ ನಾರಾಯಣ,

ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ನನ್ನ ಲೆಕ್ಕವನ್ನು ನೀನೂ ನಿನ್ನ ಪದ್ಯವನ್ನು ನಾನೂ ಮಾಡಿಕೊಟ್ಟ ಮೇಲೆ, ನಲವತ್ತೈದನೆಯ ವಯಸ್ಸಿನಲ್ಲಿ ನಾನು ನಿನಗೆ 'ನೀವು' ಆದೆ. ಬಡ್ತಿ ಎಂದುಕೊಳ್ಳಲೋ, ವರ್ಗಾವಣೆ ಎಂದುಕೊಳ್ಳಲೋ ತಿಳಿಯಲಿಲ್ಲ. ಕಾರ್ಡನ್ನು ಎರಡು ಸಲ ಓದಿದೆ. ಅಷ್ಟರಲ್ಲೇ ಮುಗಿಯಿತು.

ಯಾವುದರಿಂದ ತೊಳೆದರು ಎಂದು ಕೇಳಿದ್ದೀಯ. ಅಮ್ಮನನ್ನು ವಿಚಾರಿಸಿದೆ. ಮೊದಲು ಹುಣಸೆಹಣ್ಣು. ಆಮೇಲೆ ಬೂದಿ. ಆಮೇಲೆ ತೆಂಗಿನ ನಾರು. ಹಲ್ಲಿನ ಸಂದಿಗೆ ಬೆರಳು ಹೋಗಲಿಲ್ಲವೆಂದು ಬೂದಿಯನ್ನೇ ನೀರಿನಲ್ಲಿ ಕಲಸಿ ಒಳಗೆ ಹುಯ್ದರು. ಕೊನೆಗೆ ಏಳು ತಂಬಿಗೆ ನೀರು. ಬಿಸಿಲಿನಲ್ಲಿ ಒಣಗಿಸಿ, ವಿಭೂತಿ ಹಚ್ಚಿ, ದೇವರ ಗೂಡಿನ ಪಕ್ಕ ಇಟ್ಟರು. ದೇವರು ಎಷ್ಟು ಅಲುಗಾಡುತ್ತಾನೋ ಅದೂ ಅಷ್ಟೇ ಅಲುಗಾಡಿತು.

ನಿನ್ನ ಕಾರ್ಡನ್ನು ಓದಿ ಹೇಳಿದೆ. ಅಮ್ಮನಿಗೆ ಅಕ್ಷರ ಬಾರದಾದರೂ ಕಾಗದ ಬಂದರೆ ಪೂರ್ತಿ ಓದಿಸಿಕೊಳ್ಳದೆ ಬಿಡುವುದಿಲ್ಲ, ಅದು ನಿನಗೂ ಗೊತ್ತು.

"ನೀರು ಸೋಕಿಸಬಾರದಾ? ತೊಳೀದೇ ಇಡೋ ಪಾತ್ರೆ ಎಂಥದ್ದೋ ಅದು? ನಾಳೆ ಸ್ನಾನ ಮಾಡಬೇಡಿ ಅಂತಲೂ ಬರೀತಾನೆ."

"ಕಬ್ಬಿಣ ಅಮ್ಮ. ತುಕ್ಕು ಹಿಡಿಯುತ್ತೆ."

"ಹಂಗಿದ್ರೆ ಕೊಡೋವಾಗ್ಲೇ ಯಾಕೆ ಹೇಳ್ಲಿಲ್ಲ? ಕೇಳು ಅವನ್ನ."

ಕೇಳಿದ್ದೇನೆ. ಇನ್ನೊಂದು ಪ್ರಶ್ನೆಯೂ ಅಮ್ಮನದೇ: ಆ ಇಟಲಿಯವರು ಶಾವಿಗೆಗೆ ಬೆಲ್ಲ ಹಾಕುತ್ತಿದ್ದರೋ, ಸಕ್ಕರೆಯೋ?

ಅಟ್ಯಾಚ್‌ಮೆಂಟು ಕಳಚಿದರೆ ಉರುಳೆ ಮುಲುಗುತ್ತಾ ತಿರುಗುತ್ತದೆ. ಹಲ್ಲಿನ ತುಂಡು ಮಾತ್ರ ಕಚ್ಚಿಕೊಂಡ ಬಾಯಿ ಬಿಡುವುದಿಲ್ಲ. ನಿನ್ನ ಹಾಗೆ.

ನಿನ್ನ,
ಚಂದ್ರಶೇಖರ

●

ಭದ್ರಾವತಿ
೧೪-೨-೧೯೪೯

ಶ್ರೀ ಚಂದ್ರಶೇಖರಯ್ಯನವರಿಗೆ,

ಹೀಗೆ ಮಾಡಿ. ಅಟ್ಯಾಚ್‌ಮೆಂಟನ್ನು ಮೂರು ದಿನ ಸೀಮೆಎಣ್ಣೆಯಲ್ಲಿ ಮುಳುಗಿಸಿಡಿ. ಎರಡು ಪಕ್ಕದಲ್ಲಿ ನಾಲ್ಕು ನಾಲ್ಕು ಸ್ಕ್ರೂ ಇವೆ. ಬಿಚ್ಚುವ ಮೊದಲು ಕಾಗದದಲ್ಲಿ ಚಿತ್ರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಇಡಿ. ಬ್ರೂನೊ ಕೈಯಲ್ಲಿ ಕೊರೆದದ್ದು, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಒಳಗೆ ಬಾಚಣಿಗೆಯಂಥ ತಗಡು ಎರಡಿವೆ. ಎಳೆ ಹಲ್ಲಿಗೆ ಅಂಟದಂತೆ ಬಿಡಿಸುವುದು ಅವೇ. ಅವುಗಳನ್ನು ಬಗ್ಗಿಸಬೇಡಿ. ಸಂದಿಯಲ್ಲಿ ಕೂತಿರುವ ಬೂದಿಯನ್ನು ಪೊರಕೆಕಡ್ಡಿಯಿಂದ ಕೆದಕಿ. ಚಾಕು ಬೇಡ, ಸೂಜಿ ಬೇಡ.

ಜೋಡಿಸಿದ ಮೇಲೆ ಬಟ್ಟೆಯಿಂದ ಒರೆಸಿ, ಹಿಟ್ಟಿನ ಹಾಳೆಯನ್ನು ಮೂರು ಸಲ ಹಾಯಿಸಿ ಆ ಹಿಟ್ಟನ್ನು ಎಸೆಯಿರಿ. ಎಣ್ಣೆ, ಕಪ್ಪು ಎಲ್ಲ ಅದರಲ್ಲಿ ಬರುತ್ತದೆ. ಹಸುವಿಗೂ ಹಾಕಬೇಡಿ.

ಅವರು ಬೆಲ್ಲವನ್ನೂ ಹಾಕುತ್ತಿರಲಿಲ್ಲ, ಸಕ್ಕರೆಯನ್ನೂ ಹಾಕುತ್ತಿರಲಿಲ್ಲ. ಟೊಮೇಟೊ ಗೊಜ್ಜಿನಂಥದ್ದು ಮಾಡಿ ಕಲಸಿಕೊಂಡು ತಿನ್ನುತ್ತಿದ್ದರು.

ಕೊಡುವಾಗಲೇ ಯಾಕೆ ಹೇಳಲಿಲ್ಲ ಎಂದು ತಾಯಿಯವರು ಕೇಳಿದ್ದಾರೆ. ಹೇಳಲು ಬಂದಿದ್ದೆ.

ಇತಿ,
ನಾರಾಯಣಪ್ಪ

●

ಚಾಮರಾಜಪೇಟೆ
೨೭-೨-೧೯೪೯

ಪ್ರಿಯ ನಾರಾಯಣ,

ಮೊದಲು ಟೊಮೇಟೊ ಗೊಜ್ಜಿನ ತೀರ್ಪು. ಅಮ್ಮ, "ಪಾಪ, ಜೈಲಲ್ಲಿ ಬೆಲ್ಲ ಎಲ್ಲಿ ಸಿಗಬೇಕು" ಅಂದರು. ಊರಿನಲ್ಲೂ ಅವರು ಹಾಗೇ ತಿನ್ನುತ್ತಾರಂತೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಇನ್ನು ಶಸ್ತ್ರಚಿಕಿತ್ಸೆ. ಮೂರು ದಿನ ಸೀಮೆಎಣ್ಣೆ ಸ್ನಾನ ಮಾಡಿಸಿದೆ. ನನ್ನ ಹೆಂಡತಿ ಶೈಲಜಮ್ಮ, "ಮದುವೆ ಮನೆಯೋ ಮೋಟಾರ್ ಷೆಡ್ಡೋ" ಎಂದು ಮೂಗು ಮುಚ್ಚಿಕೊಂಡು ಓಡಾಡಿದಳು. ಸ್ಕ್ರೂಗಳ ಚಿತ್ರವನ್ನು ಹತ್ತನೇ ಕ್ಲಾಸಿನ ಉತ್ತರಪತ್ರಿಕೆಯ ಹಿಂದೆ ಬರೆದೆ. ಎಂಟು ಸ್ಕ್ರೂ ಇಟ್ಟ ಮೇಲೆ ಕಿಟಕಿಯಿಂದ ಗಾಳಿ ಬಂತು. ಕಾಗದ ಹಾರಿತು, ಎಂಟೂ ಜಾರಿತು. ಪ್ರಾಸ ನಾನು ಹಾಕಿದ್ದಲ್ಲ, ಗಾಳಿಯದೇ. ಜಮಖಾನದ ಮೇಲೆ ನಾನು, ಶೈಲಜ, ಸರ್ವಮಂಗಳಾ ಮೂವರೂ ಮಂಡಿಯೂರಿ ಹುಡುಕಿದೆವು. ಒಂದೊಂದನ್ನೂ ಒಂದೊಂದು ತೂತಿಗಿಟ್ಟು ನೋಡಿ ಸಂಬಂಧ ಕೂಡಿಸುವುದರಲ್ಲಿ ಭಾನುವಾರ ಕಳೆಯಿತು. ಮಗಳ ಜಾತಕ ಇದಕ್ಕಿಂತ ಬೇಗ ಕೂಡಿಬಂದಿತ್ತು.

ಹಲ್ಲಿನ ಸಂದಿಯಿಂದ ಬಂದದ್ದು ಹಿಟ್ಟಲ್ಲ ಕಣೋ, ಸಿಮೆಂಟು. ಹುಣಸೆಹಣ್ಣು, ಬೂದಿ, ಹಿಟ್ಟು ಮೂರೂ ಸೇರಿ ಕಲ್ಲಾಗಿತ್ತು. ಅಮ್ಮ ಪಕ್ಕದಲ್ಲೇ ಕೂತು ಒಂದೊಂದು ಚೂರನ್ನೂ ಕೈಗೆ ತೆಗೆದುಕೊಂಡು ನೋಡಿದರು.

ಈಗ ಎರಡು ಮಾತು.

ಒಂದು. ಪಕ್ಕದ ಮನೆಯ ಮಹಾನಂದ ಬಂದಿದ್ದಾಕೆ, ಆ ದೇಶದವರು ಶಾವಿಗೆ ಹಿಟ್ಟಿಗೆ ಮೊಟ್ಟೆ ಹಾಕಿ ಕಲಸುತ್ತಾರಂತೆ ಎಂದು ಹೇಳಿಹೋದಳು. ಅಮ್ಮನ ಮುಖ ಬದಲಾಯಿತು. "ಹೌದೋ ಅಲ್ಲವೋ ನಾರಾಯಣನ್ನ ಕೇಳು. ಸುಳ್ಳು ಬರೀಬೇಡ ಅಂತ್ಲೂ ಬರಿ" ಎಂದಿದ್ದಾರೆ. ಬರೆದಿದ್ದೇನೆ. ನನ್ನ ಕಡೆಯಿಂದ ಮಾತ್ರ ಇಷ್ಟು ಸೇರಿಸುತ್ತೇನೆ: ನೀನು ಇಲ್ಲ ಎಂದೇ ಬರೆದುಬಿಡು. ಓದಿ ಹೇಳುವವನು ನಾನೇ. ಲಿಂಗಪೂಜೆ ಮಾಡಿಕೊಳ್ಳುವ ಎಪ್ಪತ್ತು ವರ್ಷದ ಜೀವ, ಗೊತ್ತಾದರೆ ಯಂತ್ರ ಬೀದಿಗೆ ಬೀಳುತ್ತದೆ.

ಎರಡು. 'ಹೇಳಲು ಬಂದಿದ್ದೆ' ಎಂದರೇನು? ಯಾವಾಗ ಬಂದಿದ್ದೆ? ಆ ದಿನ ಜಗಲಿಯ ಮೇಲೆ ಕೂತು ಕಾಫಿ ಕುಡಿದು ಎದ್ದು ಹೋದೆ. ನಾಲ್ಕು ದಿನದ ಮೇಲೆ ವಿಚಾರಿಸಿದರೆ ಭದ್ರಾವತಿಗೆ ಹೋಗಿದ್ದೆ. ನಡುವೆ ನೀನು ಬಂದದ್ದನ್ನು ನಾನು ಕಂಡಿಲ್ಲ.

ನಿನ್ನ,
ಚಂದ್ರಶೇಖರ

●

ಭದ್ರಾವತಿ
೧೩-೩-೧೯೪೯

ಶ್ರೀ ಚಂದ್ರಶೇಖರಯ್ಯನವರಿಗೆ,

ಮೊಟ್ಟೆ ಹಾಕುತ್ತಿದ್ದರು. ಸಿಕ್ಕಿದ ಭಾನುವಾರ ಹಾಕುತ್ತಿದ್ದರು, ಸಿಗದಾಗ ಬರೀ ನೀರಿನಲ್ಲಿ ಕಲಸುತ್ತಿದ್ದರು. ನಾನು ಸುಳ್ಳು ಬರೆಯುವುದಿಲ್ಲ.

ಅದಕ್ಕೇ ಯಂತ್ರ ನನ್ನ ಕೈಗೆ ಬಂದ ಮೇಲೆ ಕೂಡಲೇ ನಿಮ್ಮ ಮನೆಗೆ ತರಲಿಲ್ಲ. ಎಂಟು ದಿನ ಮಾವಳ್ಳಿಯ ಹಿತ್ತಿಲಲ್ಲಿ ಇಟ್ಟುಕೊಂಡಿದ್ದೆ. ಪ್ರತಿಯೊಂದು ತುಂಡನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿಟ್ಟೆ, ಸೋಡದ ಬಿಸಿನೀರಿನಲ್ಲಿ ಕುದಿಸಿದೆ, ಮರುಕ್ಷಣ ಕೆಂಡದ ಮೇಲೆ ಹಿಡಿದು ಒಣಗಿಸಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಒಂದು ತುಂಡಿಗೆ ಒಂದು ದಿನದಂತೆ ಹಿಡಿಯಿತು. ನಮ್ಮ ಮನೆಯಲ್ಲಿ ಕೋಳಿ ಮಾಡುವ ಪಾತ್ರೆಯ ಹತ್ತಿರಕ್ಕೂ ಬಿಡಲಿಲ್ಲ. ಅಕ್ಕ ನಗುತ್ತಿದ್ದಳು. ನಿಮ್ಮ ತಾಯಿ ಗುರುಬಸಮ್ಮನವರ ಬಾಯಿಗೆ ಹೋಗುವುದು ಎಂದು ಮಾಡಿದೆ.

ಬ್ರೂನೊ ಒಂದು ಬ್ರಷ್ಷನ್ನೂ ಕೊಟ್ಟಿದ್ದ. ಯಾವ ಪ್ರಾಣಿಯ ಕೂದಲೋ ತಿಳಿಯದು. ತಾಯಿಯವರು ಕೇಳೇ ಕೇಳುತ್ತಾರೆ ಎಂದು ಅದನ್ನು ಬಿಸಾಡಿ, ಕತ್ತಾಳೆ ನಾರಿನಲ್ಲಿ ನಾನೇ ಒಂದು ಕಟ್ಟಿದೆ. ಕೆಲಸವಾದ ಮೇಲೆ ಯಂತ್ರವನ್ನು ತೊಳೆಯದೆ ಹಾಗೇ ಇಡಬೇಕು. ಹಿಟ್ಟು ಪೂರ್ತಿ ಒಣಗಬೇಕು. ಆಮೇಲೆ ಬೋರಲು ಹಾಕಿ ತಟ್ಟಿದರೆ ಅದೇ ಉದುರುತ್ತದೆ. ಉಳಿದದ್ದನ್ನು ಆ ಬ್ರಷ್ಷಿನಿಂದ ಉಜ್ಜಬೇಕು. ಯಂತ್ರ ಕೊಟ್ಟ ದಿನ ಇದನ್ನು ಹೇಳುವುದೂ ಮರೆತೆ, ಬ್ರಷ್ಷು ಕೊಡುವುದೂ ಮರೆತೆ. ರಸ್ತೆಯ ತಿರುವಿನಲ್ಲಿ ಜೇಬು ಮುಟ್ಟಿಕೊಂಡಾಗ ನೆನಪಾಯಿತು. ತಿರುಗಿ ಬಂದೆ.

ಗೇಟಿನ ಹತ್ತಿರ ನಿಂತೆ. ನಾನು ಕೂತಿದ್ದ ಜಾಗಕ್ಕೆ ತಾಯಿಯವರು ಸಗಣಿ ನೀರು ಹಾಕಿ ತಿಕ್ಕುತ್ತಿದ್ದರು.

ಹಾಗೆ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ನೀವು ಲಿಂಗ ಕಟ್ಟಿದವರು, ನಾವು ಕೋಳಿ ಕೊಯ್ಯುವವರು. ಮೂವತ್ತು ವರ್ಷ ಜಗಲಿಯಲ್ಲೇ ಕೂತವನಿಗೆ ಅಷ್ಟು ಗೊತ್ತಾಗುವುದಿಲ್ಲವೇ. ಆದರೆ ಗೊತ್ತಿರುವುದು ಬೇರೆ, ಕಣ್ಣಿಂದ ನೋಡುವುದು ಬೇರೆ. ಅದೂ ಎಂಟು ದಿನ ಅವರಿಗಾಗಿಯೇ ತೊಳೆದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದಾಗ. ನೀನು ಒಳಗೆ ಮಗುವಿಗೆ ಏನೋ ಪದ್ಯ ಹೇಳಿಕೊಡುತ್ತಿದ್ದೆ. ಕೇಳಿಸುತ್ತಿತ್ತು. ಹೊರಟುಬಂದೆ.

ಇದನ್ನು ಓದಿ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಇತಿ,
ನಾರಾಯಣಪ್ಪ

●

ಚಾಮರಾಜಪೇಟೆ
೨-೪-೧೯೪೯

ನಾರಾಯಣ,

ಕಾಗದ ಬಂದ ಮೇಲೆ ಹತ್ತು ದಿನ ನನ್ನ ಕೋಟಿನ ಜೇಬಿನಲ್ಲೇ ಇತ್ತು. ಅಮ್ಮ ದಿನಾ ಕೇಳಿದರು. "ಟಪಾಲು ನಿಧಾನ" ಎಂದೆ. ಮೊನ್ನೆ ಯುಗಾದಿಯ ದಿನ, ಬೇವುಬೆಲ್ಲ ತಿಂದ ಮೇಲೆ, ಓದಿದೆ. ಒಂದಕ್ಷರ ಬಿಡದೆ ಓದಿದೆ.

ಅದಕ್ಕೆ ಮುಂಚೆ ನನ್ನ ಮಾತು. ನಾನು ಒಳಗೆ ಪದ್ಯ ಹೇಳಿಕೊಡುತ್ತಿದ್ದೆ, ನಿಜ. ಸಗಣಿಯ ವಾಸನೆ ನನಗೂ ಬಂದಿತ್ತು. ಅಂದು ಮಾತ್ರವಲ್ಲ, ಸ್ಕೂಲಿನ ಕಾಲದಿಂದ. ನೀನು ಜಗಲಿ ಇಳಿದು ಹೋದ ಮೇಲೆ ನಾನು ಪ್ರತಿಸಲ ಒಳಗೆ ಹೋಗಿ ಯಾವುದಾದರೊಂದು ಪುಸ್ತಕ ತೆರೆದು ಕೂರುತ್ತಿದ್ದೆ. ಹುಡುಗ ತುಂಬ ಓದುತ್ತಾನೆ ಎಂದು ಎಲ್ಲರೂ ಹೊಗಳಿದರು. ಬಿ.ಎ. ಆಯಿತು.

ಅಮ್ಮ ಕೇಳುತ್ತಾ ಕೂತಿದ್ದರು. ಮುಗಿದ ಮೇಲೆ ಮೊಟ್ಟೆಯ ಸುದ್ದಿ ಎತ್ತಲಿಲ್ಲ. ಒಂದೇ ಮಾತು ಕೇಳಿದರು:

"ಎಂಟು ದಿನಾನಾ?"

"ಹೌದಮ್ಮ."

ಎದ್ದು ಒಳಗೆ ಹೋದರು. ಸಂಜೆ ಮಹಾನಂದ ಬಂದು, "ಏನಂತೆ ಅಜ್ಜಿ, ಮೊಟ್ಟೆ ಹಾಕ್ತಿದ್ರಂತಾ?" ಎಂದು ಬಾಗಿಲಲ್ಲೇ ಕೇಳಿದಾಗ, "ಅವನು ಎಂಟು ದಿನ ತೊಳೆದು ಶುದ್ಧ ಮಾಡಿ ಕೊಟ್ಟಿದ್ನಂತೆ ಕಣೇ. ನಾನು ಒಂದೇ ದಿನ ತೊಳೆದು ಕೆಡಿಸ್ಕೊಂಡೆ" ಎಂದರು. ಆಕೆಗೆ ಏನರ್ಥವಾಯಿತೋ, ಕೇಳಲು ಬಂದಿದ್ದ ಮೊಸರನ್ನೂ ಮರೆತು ಹೋದಳು.

ನಿನ್ನೆ ಯಂತ್ರ ಜೋಡಿಸಿದೆವು. ತಿರುಗುತ್ತದೆ. ರೇಷನ್ ಗೋಧಿಯ ಹಿಟ್ಟನ್ನು ಮೂರು ಸಲ ಹಾಯಿಸಿ ತಿಪ್ಪೆಗೆ ಎಸೆಯುವಾಗ ಅಮ್ಮ ಕಣ್ಣು ಮುಚ್ಚಿಕೊಂಡರು. ಆದರೆ ಎಡಗಡೆಯ ಎಳೆಗಳು ಬಿಡಿಯಾಗಿ ಬರುತ್ತವೆ, ಬಲಗಡೆಯವು ಜಡೆ ಹೆಣೆದುಕೊಂಡು ಬರುತ್ತವೆ. ಒಂದು ಬಾಚಣಿಗೆ ತಗಡನ್ನು ನಾನೇ ಎಲ್ಲೋ ಬಗ್ಗಿಸಿದ್ದೇನೆ. ಮದುವೆಗೆ ನಲವತ್ತು ದಿನ ಉಳಿದಿದೆ.

ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕಂತೆ:

"ನಾರಾಯಣಪ್ಪ, ಇವನ ಕೈಲಿ ಆಗೋದಿಲ್ಲ. ಇವನು ಬರೀ ಮಾತು. ಯಂತ್ರ ಕೊಟ್ಟೋನು ನೀನು, ನೀನೇ ಬಂದು ಸರಿ ಮಾಡು. ಜಗಲಿ ಮೇಲೆ ಧೂಳು ಬರತ್ತೆ. ನಡುಮನೇಲಿ ಬೆಳಕು ಚೆನ್ನಾಗಿದೆ. ಅಲ್ಲೇ ಕೂತ್ಕೊಂಡು ಮಾಡು. ಬ್ರಷ್ಷು ತರೋದು ಮರೀಬೇಡ."

ಇಷ್ಟೇ. ನಾನು ಏನೂ ಸೇರಿಸಿಲ್ಲ.

ಚಂದ್ರಶೇಖರ

●

ಭದ್ರಾವತಿ
೧೪-೪-೧೯೪೯

ಚಂದ್ರು,

ಇಪ್ಪತ್ತೆರಡರ ರಾತ್ರಿ ಗಾಡಿಗೆ ಹೊರಡುತ್ತೇನೆ. ಎರಡು ದಿನ ರಜ ಕೊಟ್ಟಿದ್ದಾರೆ. ನಾನು ಬರುವವರೆಗೂ ಸ್ಕ್ರೂ ಮುಟ್ಟಬೇಡ.

ನಾರಾಯಣ

●

ಚಾಮರಾಜಪೇಟೆ
೧-೫-೧೯೪೯

ಪ್ರಿಯ ನಾರಾಯಣ,

ನೀನು ಇಲ್ಲಿದ್ದಾಗ ನಡೆದದ್ದು ನಿನಗೇ ಗೊತ್ತು. ಬಾಗಿಲ ಹೊಸ್ತಿಲ ಮುಂದೆ ನೀನು ಒಂದು ಗಳಿಗೆ ನಿಂತದ್ದು, ಅಮ್ಮ ಒಳಗಿನಿಂದ "ಬೆಳಕು ಹೋಗತ್ತೆ, ಬಾ" ಎಂದದ್ದು, ನಾಲ್ಕು ಗಂಟೆ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ತಗಡನ್ನು ಹಲ್ಲು ಹಲ್ಲಾಗಿ ನೀನು ಸರಿಪಡಿಸಿದ್ದು. ಮೊದಲ ಶಾವಿಗೆ ಬಂದಾಗ ಅಮ್ಮ ಎಳೆಯನ್ನು ಬೆಳಕಿಗೆ ಹಿಡಿದು, "ಕೈಯಲ್ಲಿ ಹೊಸೆದಷ್ಟು ಸಣ್ಣ ಇಲ್ಲ" ಎಂದರು. "ನಿಮ್ಮ ಕೈಯಷ್ಟು ಸಣ್ಣ ಮಾಡೋ ಯಂತ್ರ ಇನ್ನೂ ಹುಟ್ಟಿಲ್ಲಮ್ಮ" ಎಂದೆಯಲ್ಲ, ಆ ಮಾತು ಈಗ ಇಡೀ ಬೀದಿಗೆ ಗೊತ್ತು. ಅಮ್ಮನೇ ಹೇಳಿಕೊಂಡು ಬಂದಿದ್ದಾರೆ.

ನೀನು ಹೋದ ಮೇಲೆ ನಡೆದದ್ದನ್ನು ಬರೆಯುತ್ತೇನೆ. ನೀನು ಕೇಳುವುದಿಲ್ಲ, ಆದರೆ ಯೋಚಿಸುತ್ತಿರುತ್ತೀಯ.

ನೀನು ಗೇಟು ದಾಟಿದ ಕೂಡಲೇ ನಾನು ಎದ್ದು ಒಳಗೆ ಹೋಗಲಿಲ್ಲ. ಪುಸ್ತಕವನ್ನೂ ತೆರೆಯಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ಕೂತೆ. ನೀನು ಕೂತಿದ್ದ ಜಾಗದಲ್ಲಿ ಹಿಟ್ಟು ಚೆಲ್ಲಿತ್ತು, ಎರಡು ಕಡೆ ನಿನ್ನ ಮಂಡಿಯ ಗುರುತಿತ್ತು. ಶೈಲಜ ಅಭ್ಯಾಸಬಲದಿಂದ ಸಗಣಿ ನೀರಿನ ಬೋಗುಣಿ ಹಿಡಿದು ಬಂದಳು.

"ಎಲ್ಲಿಗೇ?" ಅಂದರು ಅಮ್ಮ.

"ನಡುಮನೆಗೆ ಅತ್ತೆ."

"ಹಿಟ್ಟು ಹಸಿಯಾಗಿದೆ. ಈಗ ನೀರು ಹಾಕಿದ್ರೆ ಅಂಟಾಗತ್ತೆ. ಒಣಗ್ಲಿ ಬಿಡು."

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಬಂದು, ನೀನು ತೋರಿಸಿದ್ದಂತೆ ಯಂತ್ರವನ್ನು ಬೋರಲು ಹಾಕಿ ತಟ್ಟಿದರು. ಉದುರಿತು. ಹಲ್ಲಿನ ಸಂದಿಗೆ ಕತ್ತಾಳೆ ನಾರಿನ ಬ್ರಷ್ಷು ಆಡಿಸಿದರು. ಮಡಚದ ಬೆರಳಿಗೆ ಅದರ ಹಿಡಿ ಚೆನ್ನಾಗಿ ಕೂರುತ್ತದಂತೆ. ಆಮೇಲೆ ನೆಲದ ಮೇಲಿನ ಹಿಟ್ಟನ್ನೂ ಅದೇ ಬ್ರಷ್ಷಿನಿಂದ ಒಟ್ಟು ಮಾಡಿ, ಬೊಗಸೆಯಲ್ಲಿ ಹಿಡಿದು, ಅಂಗಳದ ಗುಬ್ಬಿಗಳಿಗೆ ಹಾಕಿ ಬಂದರು.

"ಒರೆಸೋದು ಅತ್ತೆ?" ಎಂದಳು ಶೈಲಜ.

"ಶುಕ್ರವಾರ ಹೆಂಗೂ ಒರೆಸ್ತೀವಲ್ಲ."

ಶುಕ್ರವಾರ ಮನೆಯೆಲ್ಲ ಒರೆಸಿದರು. ಆ ಜಾಗವನ್ನೂ ಒರೆಸಿದರು, ಬೇರೆ ಜಾಗದ ಜೊತೆಗೆ, ಬೇರೆ ಜಾಗದಷ್ಟೇ.

ಇದಕ್ಕೊಂದು ಪದ್ಯ ಕಟ್ಟೋಣವೆಂದು ಕೂತಿದ್ದೆ. ಆಗಲಿಲ್ಲ.

ಈಗ ಮನೆಯಲ್ಲಿ ನಡೆದಾಡಲು ಜಾಗವಿಲ್ಲ. ಬಿದಿರುಗಳದ ಮೇಲೆ ಶಾವಿಗೆ, ನನ್ನ ಪಂಚೆ ಹರವುವ ಹಗ್ಗದ ಮೇಲೆ ಶಾವಿಗೆ, ನಾನು ಪಾಠದ ಟಿಪ್ಪಣಿ ಬರೆಯುವ ಮೇಜಿನ ಮೇಲೂ ಶಾವಿಗೆ. ಅಮ್ಮ ಹಿಡಿಕೆ ತಿರುವುತ್ತಾರೆ, ಸರ್ವಮಂಗಳಾ ಎಳೆ ಹಿಡಿಯುತ್ತಾಳೆ. ಮದುಮಗಳಿಗೆ ಕೆಲಸ ಹೇಳಬಾರದು ಎಂದರೆ ಯಾರೂ ಕೇಳುವುದಿಲ್ಲ.

ಲಗ್ನಪತ್ರಿಕೆ ಇದರ ಜೊತೆಗಿದೆ. ಅದನ್ನು ಅಮ್ಮನೇ ಮಡಿಸಿದ್ದು, ಅದಕ್ಕೇ ಸೊಟ್ಟಗಿದೆ.

ನಿನ್ನವನೇ ಆದ,
ಚಂದ್ರು

●

ಭದ್ರಾವತಿ
೬-೫-೧೯೪೯

ಚಂದ್ರು,

ಪತ್ರಿಕೆ ತಲುಪಿತು. ಹನ್ನೊಂದರ ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಬರುತ್ತೇನೆ.

ಯಂತ್ರದ ಬಗ್ಗೆ ಅಮ್ಮನಿಗೆ ಒಂದು ಮಾತು ಹೇಳುವುದು ಮರೆತೆ. ರೈಲು ಯಶವಂತಪುರ ದಾಟಿದ ಮೇಲೆ ನೆನಪಾಯಿತು. ಕಾಗದದಲ್ಲಿ ಬರೆಯುವುದಿಲ್ಲ. ತಿರುಗಿ ಬಂದಾಗ ಹೇಳುತ್ತೇನೆ.

ನಾರಾಯಣ